ಬಾಲಮ್ಮನ ಸಾಕ್ಷಿ

ಯಾದಗಿರಿಯ ಮಿಶನ್ ಅಂಗಳದಲ್ಲಿ ಚಳಿಗಾಲಕ್ಕೊಮ್ಮೆ ದೊಡ್ಡ ಸಭೆ ಸೇರುತ್ತಿತ್ತು. ಅಲ್ಲಿ ಶಹಾಪುರದ ಬಾಲಮ್ಮ ಎದ್ದು ನಿಂತಳೆಂದರೆ ಹಿಂದಿನ ಸಾಲಿನಲ್ಲಿ ಎಲೆ ಅಡಿಕೆ ಮೆಲ್ಲುತ್ತ ಹರಟುತ್ತಿದ್ದವರೂ ಬಾಯಿ ಮುಚ್ಚುತ್ತಿದ್ದರು. ದೇವರು ತಮ್ಮ ಬಾಳಿನಲ್ಲಿ ಮಾಡಿದ ಉಪಕಾರವನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳುವುದಕ್ಕೆ ಅಲ್ಲಿಯ ಕ್ರೈಸ್ತರು ಸಾಕ್ಷಿ ಎನ್ನುತ್ತಿದ್ದರು. ಉಳಿದವರ ಸಾಕ್ಷಿ ಪಾದ್ರಿಗಳ ಮಾತನ್ನೇ ಬಾಯಿಪಾಠ ಮಾಡಿ ಒಪ್ಪಿಸಿದಂತಿರುತ್ತಿತ್ತು. ಬಾಲಮ್ಮ ಮಾತ್ರ ಅಂಗಳದಲ್ಲಿ ಕೂತು ಉಣ್ಣೆ ನೂಲುತ್ತ ಪಕ್ಕದ ಮನೆಯವಳಿಗೆ ಹೇಳಿದ ಹಾಗೆ ಹೇಳುತ್ತಿದ್ದಳು.

ಆಕೆಯ ಊರು ಶಹಾಪುರ ತಾಲೂಕಿನ ಸಗರ. ಕುರಿ ಸಾಕುವ ಹಾಲುಮತದ ಮನೆ. ಗಂಡ ಹಣಮಂತ್ರಾಯ ಒಂದು ಮಳೆಗಾಲದಲ್ಲಿ ಕೃಷ್ಣೆಯ ದಂಡೆಯಲ್ಲಿ ಕುರಿ ದಾಟಿಸುತ್ತಿದ್ದಾಗ, ಹಿಂದೆ ಉಳಿದ ಮರಿಗಳನ್ನು ತರಲು ಹೋದವನು ನೀರಿನ ಪಾಲಾದ. ಹೆಣವೂ ಸಿಗಲಿಲ್ಲ. ಆಗ ಬಾಲಮ್ಮನ ಬಗಲಲ್ಲಿ ಇನ್ನೂ ಮಾತು ಬಾರದ ಮಗಳಿದ್ದಳು, ಹಣಮಮ್ಮ. ಆ ಕೂಸಿಗೆ ನಡುಕದ ಜ್ವರ ಬಂತು. ಬೀರಲಿಂಗನಿಗೆ ಹರಕೆ ಹೊತ್ತದ್ದಾಯಿತು, ಹಣೆಗೆ ಭಂಡಾರ ಹಚ್ಚಿದ್ದಾಯಿತು. ಜ್ವರ ಒಂದು ದಿನ ಬಿಟ್ಟು ಇನ್ನೊಂದು ದಿನ ತಪ್ಪದೆ ಬರುತ್ತಿತ್ತು. ಶಹಾಪುರದ ಮಿಶನ್ ದವಾಖಾನೆಯ ಹೆಸರು ಯಾರೋ ಹೇಳಿದರು. ಬಾಲಮ್ಮ ಕೂಸನ್ನು ಕಂಬಳಿಯಲ್ಲಿ ಸುತ್ತಿಕೊಂಡು ಒಬ್ಬಳೇ ನಡೆದು ಹೋದಳು. ಅಲ್ಲಿಯ ಕಂಪೌಂಡರ್ ಕ್ವಿನೈನ್ ಎಂಬ ಕಹಿ ಔಷಧ ಕುಡಿಸಿದ. ಪಾದ್ರಿ ಸ್ವಾಮಿದಾಸರು ಬಂದು ಕೂಸಿನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರು. ಕೆಲವು ದಿನ ಕಳೆದ ಮೇಲೆ ಕೂಸು ಎದ್ದು ಕೂತು ರೊಟ್ಟಿಗೆ ಕೈ ಚಾಚಿತು.

ಬಾಲಮ್ಮ ಮತ್ತೆ ಸಗರಕ್ಕೆ ಹೋಗಲಿಲ್ಲ. ಪ್ರಾರ್ಥನಾ ಮಂದಿರವನ್ನೂ ದವಾಖಾನೆಯನ್ನೂ ಗುಡಿಸುವ ಕೆಲಸ ಸಿಕ್ಕಿತು, ಮಂದಿರದ ಹಿಂದಿನ ಗುಡಿಸಲು ಸಿಕ್ಕಿತು. ದೀಕ್ಷಾಸ್ನಾನದ ದಿನ ಪಾದ್ರಿ ಮಗಳ ಹೆಸರಿನಲ್ಲಿ ಒಂದೆರಡಕ್ಷರ ತಿದ್ದಿ, ಬೈಬಲಿನ ಹೆಸರಾಗುವಂತೆ ಹನ್ನಮ್ಮ ಎಂದು ಕರೆದರು. ತಾಯಿಯ ಹೆಸರಿಗೆ ಕೈ ಹಚ್ಚಲಿಲ್ಲ. ಬಾಲೆಯೆಂದರೆ ಮಗು, ಈಕೆಯ ವಿಶ್ವಾಸವೂ ಮಗುವಿನದೇ, ಇದಕ್ಕಿಂತ ಒಳ್ಳೆಯ ಹೆಸರನ್ನು ನಾನೆಲ್ಲಿಂದ ತರಲಿ ಎಂದರು. ಜನ ನಕ್ಕರು. ಬಾಲಮ್ಮನಿಗೂ ಹಿತವೆನಿಸಿತು. ಗಂಡ ಹೋದ ಮೇಲೆ ಆಕೆಯನ್ನು ಯಾರೂ ಯಾವುದಕ್ಕೂ ಹೊಗಳಿರಲಿಲ್ಲ.

ಸ್ವಾಮಿದಾಸರು ಕೆಟ್ಟವರಲ್ಲ. ಊರ ಹೊರಗಿನ ಕೇರಿಯಲ್ಲಿ ಹುಟ್ಟಿ, ಮಿಶನ್ ಶಾಲೆಯಲ್ಲಿ ಓದಿ, ತಮ್ಮ ಅಪ್ಪನನ್ನು ಅಂಗಳದಿಂದಾಚೆಗೆ ನಿಲ್ಲಿಸಿದ ಊರುಗಳಲ್ಲೇ ಕೋಟು ಹಾಕಿಕೊಂಡು ತಿರುಗುವಂತಾದವರು. ಕುರುಬರ ಹೆಣ್ಣುಮಗಳೊಬ್ಬಳು ತಮ್ಮ ಮನೆಯ ಕೊಡದಿಂದ ನೀರು ಕುಡಿದದ್ದು ಅವರಿಗೆ ಎಲ್ಲ ಪವಾಡಗಳಿಗಿಂತ ದೊಡ್ಡ ಪವಾಡವಾಗಿ ಕಂಡಿತ್ತು. ಅದಕ್ಕೇ ವರ್ಷವೂ ಆಕೆಯನ್ನು ಯಾದಗಿರಿಗೆ ಕರೆದುಕೊಂಡು ಹೋಗಿ ಮುಂದೆ ನಿಲ್ಲಿಸುತ್ತಿದ್ದರು. ಮೊದಲ ವರ್ಷ ಬಾಲಮ್ಮ ಕಂಪೌಂಡರ್ ಕೊಟ್ಟ ಕಹಿ ಔಷಧದ ವಿಷಯವನ್ನೂ ಹೇಳಿದಳು. ಔಷಧವನ್ನು ಯಾವ ದವಾಖಾನೆಯಲ್ಲಾದರೂ ಕುಡಿಯಬಹುದು ತಂಗಿ, ಕರ್ತನು ಮಾಡಿದ್ದನ್ನು ಹೇಳು ಎಂದು ಪಾದ್ರಿ ಆಮೇಲೆ ಮೃದುವಾಗಿ ತಿದ್ದಿದರು. ಮರುವರ್ಷ ಔಷಧ ಒಂದೇ ಮಾತಿಗೆ ಇಳಿಯಿತು. ಅದರಾಚೆಗೆ ಅದೂ ಉಳಿಯಲಿಲ್ಲ. ಬಾಲಮ್ಮ ಬೇಕೆಂದು ಸುಳ್ಳು ಹೇಳಲಿಲ್ಲ. ಹೇಳಿ ಹೇಳಿ ಆಕೆಯ ಕಣ್ಣಿಗೂ ಪಾದ್ರಿಯ ಕೈ, ಕೂಸಿನ ತಲೆ, ಇವೆರಡೇ ಕಾಣತೊಡಗಿದ್ದವು.

ಹನ್ನಮ್ಮನಿಗೆ ಹತ್ತರ ಆಸುಪಾಸು ವಯಸ್ಸಾದಾಗ ನಿಜಾಮನ ಸೀಮೆಯಲ್ಲಿ ಆ ಕೆಟ್ಟ ಮಳೆಗಾಲ ಬಂತು. ಹಿಂದುಸ್ತಾನಕ್ಕೆ ಸ್ವಾತಂತ್ರ್ಯ ಬಂದು ವರ್ಷ ತುಂಬಿತ್ತು, ಹೈದರಾಬಾದು ಮಾತ್ರ ಸೇರಿರಲಿಲ್ಲ. ನಿಜಾಮನ ಪರ ಆಯುಧ ಹಿಡಿದ ರಜಾಕಾರರು ಹಳ್ಳಿಗಳಿಗೆ ನುಗ್ಗುತ್ತಾರೆಂಬ ಹೆದರಿಕೆ ಒಂದು ಕಡೆ, ಗಡಿಯಾಚೆಯಿಂದ ಬಂದೂಕು ಹಿಡಿದು ಬರುವವರ ಹೆದರಿಕೆ ಇನ್ನೊಂದು ಕಡೆ. ಅನುಕೂಲ ಇದ್ದವರು ಹೆಂಡಿರು ಮಕ್ಕಳನ್ನು ಸೊಲ್ಲಾಪುರಕ್ಕೋ ಗುಂತಕಲ್ಲಿಗೋ ಸಾಗಿಸಿದರು. ದವಾಖಾನೆಯ ಕಂಪೌಂಡರ್ ಒಂದು ಬೆಳಿಗ್ಗೆ ರಜೆ ಹಾಕಿ ಹೋದವನು ಬರಲೇ ಇಲ್ಲ. ಔಷಧದ ಬೀರುವಿನ ಕೀಲಿಕೈ ಪಾದ್ರಿಯ ಹತ್ತಿರ ಉಳಿಯಿತು.

ಅದಾದ ಮೇಲಿನ ಭಾನುವಾರ ಸ್ವಾಮಿದಾಸರು ಹನ್ನಮ್ಮನನ್ನು ಮುಂದೆ ಕರೆದು ತಮ್ಮ ಪಕ್ಕದಲ್ಲಿ ನಿಲ್ಲಿಸಿಕೊಂಡರು. ಹುಡುಗಿ ಆಗಲೇ ಸೊರಗಿದ್ದಳು. ಹಳೆಯ ಜ್ವರ ಮರಳಿ ಬಂದು ಬಿಟ್ಟು ಬಿಟ್ಟು ಕಾಡುತ್ತಿತ್ತು. ತಂದೆಯ ಹೆಗಲ ಮೇಲಿನ ಕೂಸು ಎಲ್ಲಿಗೆ ಒಯ್ಯುತ್ತೀ ಎಂದು ಕೇಳುವುದಿಲ್ಲ, ಕತ್ತಲೆಯಲ್ಲೂ ನಿದ್ದೆ ಹೋಗುತ್ತದೆ, ದೊಡ್ಡವರು ಹಾಗೆ ಚಿಕ್ಕವರಾಗದ ಹೊರತು ದೇವರ ಮನೆಯ ಬಾಗಿಲು ತೆರೆಯುವುದಿಲ್ಲ ಎಂದು ಪಾದ್ರಿ ಬೋಧಿಸಿದರು. ಕೊನೆಗೆ ಎಲ್ಲರ ಕಡೆ ತಿರುಗಿ, ಕುರುಬನಾದವನು ಕುರಿ ಬಿಟ್ಟು ಓಡುವುದಿಲ್ಲ, ನಾನೂ ಓಡುವುದಿಲ್ಲ ಎಂದರು. ಕೂತಿದ್ದ ಹತ್ತು ಹನ್ನೆರಡು ಮನೆಗಳ ಜನ ನಿಟ್ಟುಸಿರು ಬಿಟ್ಟರು. ಎಲ್ಲರಿಗಿಂತ ಹೆಚ್ಚು ನೆಮ್ಮದಿಯಾದದ್ದು ಬಾಲಮ್ಮನಿಗೆ. ಮರಿಗಳಿಗಾಗಿ ನೀರಿಗಿಳಿದ ಕುರುಬನನ್ನು ಆಕೆ ಕಂಡವಳು.

ಮುಂದಿನ ವಾರ ಹನ್ನಮ್ಮನ ಜ್ವರ ಜೋರಾಯಿತು. ನಡುಕ ಬಂದರೆ ಮೂರು ಕಂಬಳಿ ಹೊದಿಸಿದರೂ ನಿಲ್ಲುತ್ತಿರಲಿಲ್ಲ. ಬಾಲಮ್ಮ ಪಾದ್ರಿಯ ಮನೆಗೆ ಹೋದಾಗ ಬಾಗಿಲಲ್ಲಿ ಎತ್ತಿನ ಗಾಡಿ ನಿಂತಿತ್ತು. ಪಾದ್ರಿಯ ಹೆಂಡತಿ ಎಸ್ತೇರಮ್ಮ ಹಾಸಿಗೆ ಸುರುಳಿಗಳನ್ನು ಏರಿಸುತ್ತಿದ್ದಳು. ಮಕ್ಕಳು ಆಗಲೇ ಒಳಗೆ ಕೂತಿದ್ದವು. ಬಾಲಮ್ಮನನ್ನು ನೋಡಿ ಎಸ್ತೇರಮ್ಮ ಮುಖ ತಿರುಗಿಸಿದಳು. ಪಾದ್ರಿಯೇ ಎದುರಿಗೆ ಬಂದರು.

"ಯಾದಗಿರಿಗಿ ಹೋಗಿ ಔಷಧ ತರ್ತೀನಿ ಬಾಲಮ್ಮ. ಇಲ್ಲಿದ್ದ ಶೀಶೆ ಖಾಲಿ ಆಗ್ಯಾವ. ಬುಧವಾರದೊಳಗ ಬಂದುಬಿಡ್ತೀನಿ. ಅಲ್ಲೀತನಕ ಹಕೀಮ, ಹರಕಿ ಅಂತ ಎಲ್ಲೂ ಒಯ್ಯಬ್ಯಾಡ. ನಿನ್ನ ವಿಶ್ವಾಸ ಕೂಸಿನಂಥಾದ್ದು, ಅದನ್ನ ಕೆಡಿಸ್ಕೋಬ್ಯಾಡ."

ಬಾಲಮ್ಮ ತಲೆಯಾಡಿಸಿದಳು. ಗಾಡಿ ಹೊರಟಾಗ ಪಕ್ಕದ ಓಣಿಯ ಮಸ್ತಾನಬಿ ಕೊಡ ಹೊತ್ತುಕೊಂಡು ನಿಂತು ನೋಡುತ್ತಿದ್ದಳು. ಬಳೆ ಮಾರಿ ಬದುಕುವ ವಿಧವೆ ಅವಳು, ಬಾಲಮ್ಮನಿಗೆ ಹಳೆಯ ಗೆಳತಿ.

"ಔಷಧ ತರಾಕ ಹೋಗಾವ ಕೋಳಿ ಬುಟ್ಟಿ ಯಾಕ ಕಟ್ಟಿಕೊಂಡು ಹೊಂಟಾನ?" ಎಂದು ಕೇಳಿದಳು.

ಬಾಲಮ್ಮನೂ ಗಾಡಿಯ ಕೆಳಗೆ ತೂಗಾಡುತ್ತಿದ್ದ ಕೋಳಿ ಬುಟ್ಟಿಯನ್ನು ನೋಡಿದ್ದಳು. ನೋಡಿದ್ದನ್ನು ಮನಸ್ಸಿಗೆ ಹಾಕಿಕೊಂಡಿರಲಿಲ್ಲ. ಪಾದ್ರಿಗಳು ಸುಳ್ಳು ಹೇಳುವುದಿಲ್ಲ ಎಂದಷ್ಟೇ ಹೇಳಿ ಮಗಳ ಹತ್ತಿರ ಹೋದಳು.

ಬುಧವಾರ ಬಂತು, ಹೋಯಿತು. ಭೀಮೆ ತುಂಬಿದೆ, ಗಾಡಿ ದಾಟಿರಲಿಕ್ಕಿಲ್ಲ ಎಂದುಕೊಂಡಳು. ಗುರುವಾರವೂ ಹಾದಿ ನೋಡಿದಳು. ಶುಕ್ರವಾರ ಹೊತ್ತೇರುವಾಗ ಗಂಡನ ಅಣ್ಣ ಅಮೋಘಸಿದ್ದ ಗಾಡಿ ಹೊಡೆದುಕೊಂಡು ಬಂದ. ಸಗರಕ್ಕೆ ಯಾರ ಬಾಯಿಂದಲೋ ಸುದ್ದಿ ಮುಟ್ಟಿತ್ತು. ಬಾಲಮ್ಮ ಜಾತಿ ಬಿಟ್ಟು ಹೋದ ಮೇಲೆ ಅವನು ಆಕೆಯ ಮನೆಯಲ್ಲಿ ನೀರು ಮುಟ್ಟುತ್ತಿರಲಿಲ್ಲ. ಆದರೆ ಕುರಿ ಕತ್ತರಿಸಿದಾಗಲೆಲ್ಲ ಒಂದು ಗಂಟು ಉಣ್ಣೆ ಕಳಿಸುವುದನ್ನು ತಪ್ಪಿಸಿರಲಿಲ್ಲ. ಒಳಗೆ ಬಂದು ಹುಡುಗಿಯ ಕಣ್ಣಿನ ರೆಪ್ಪೆ ಎತ್ತಿ ನೋಡಿದ, ಉಗುರು ನೋಡಿದ, ಕಾಯಿಲೆಯ ಕುರಿಯನ್ನು ನೋಡುವ ಹಾಗೆ. ರಂಗಂಪೇಟೆಯಲ್ಲಿ ಜ್ವರಕ್ಕೆ ಹೆಸರಾದ ಹಕೀಮನಿದ್ದಾನೆ, ಸುರಪುರದ ಹಾದಿ ಇನ್ನೂ ತೆರೆದಿದೆ, ಈಗಲೇ ಹೊರಡೋಣ ಎಂದ. ಪಾದ್ರಿಗಳು ಬೇಡವೆಂದಿದ್ದಾರೆ, ಔಷಧ ತರಲು ಹೋಗಿದ್ದಾರೆ ಎಂದು ಬಾಲಮ್ಮ ಹೇಳಿದಳು.

"ಹಕೀಮನ ಕಡಿ ಹೋಗಬ್ಯಾಡ ಅಂತ ನಿನ್ನ ಯೇಸಪ್ಪ ಹೇಳ್ಯಾನೇನು?"

"ಪಾದ್ರಿಗೋಳು ಹೇಳ್ಯಾರ."

"ಪಾದ್ರಿನೂ ದೇವರೂ ಒಂದೇ ಏನು ನಿನಗ?"

ಅವರಿಬ್ಬರೂ ಬೇರೆ ಬೇರೆ ಇರಬಹುದೆಂದು ಬಾಲಮ್ಮ ಅದುವರೆಗೆ ಯೋಚಿಸಿರಲೇ ಇಲ್ಲ. ಕೈ ಹಿಡಿದು ಎಳೆದೊಯ್ಯುವ ಹಕ್ಕು ತನಗಿಲ್ಲವೆಂದು ಅಮೋಘಸಿದ್ದನಿಗೂ ಗೊತ್ತಿತ್ತು. ಬೇವಿನ ಮರದ ಕೆಳಗೆ ಎತ್ತು ಬಿಚ್ಚಿ ಹೊತ್ತು ಇಳಿಯುವ ತನಕ ಕೂತ. ಆಕೆ ಮನಸ್ಸು ಬದಲಿಸಲಿಲ್ಲ. ಕೊನೆಗೆ ಮೇಕೆಯ ಹಾಲಿನ ತಂಬಿಗೆಯನ್ನು ಹೊಸ್ತಿಲಲ್ಲಿಟ್ಟು ಗಾಡಿ ಹೂಡಿದ.

ಬಾಲಮ್ಮ ಪ್ರಾರ್ಥನೆಗೆ ಕೂತಳು. ಯಾವಾಗಿನಂತೆ ಮೆಲ್ಲಗೆ, ಬೇಡಿಕೊಳ್ಳುವ ದನಿಯಲ್ಲಿ. ಹನ್ನಮ್ಮ ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡಳು. ಆಮೇಲೆ ಗೋಡೆಯ ಕಡೆ ಹೊರಳಿದಳು.

"ಯವ್ವಾ, ಹಂಗ ಕೇಳಿದ್ರ ಆತಗ ಕೇಳ್ಸಂಗಿಲ್ಲ. ನಾ ಮಾತು ಕೇಳದಿದ್ರ ನನ್ನ ಬೈತೀಯಲ್ಲ, ಹಂಗ ಬೈ."

ದೇವರನ್ನು ಬೈಯಬಾರದು ಮಗಳೇ ಎಂದು ಬಾಲಮ್ಮ ಹೇಳಿದಳು. ಯಾಕೆ ಎಂದು ಹುಡುಗಿ ಕೇಳಿದಳು. ಆತ ನಮ್ಮವನಲ್ಲವೇ, ಪರಕೀಯನೇ ಎಂದು ಕೇಳಿದಳು. ಆಮೇಲೆ ತಾನೇ ಒಣಗಿದ ತುಟಿಯಿಂದ ಸೂರಿನ ಕಡೆ ನೋಡುತ್ತ ಬೈಯತೊಡಗಿದಳು. ಎಷ್ಟು ಸಲ ಕರೆಯಬೇಕು ನಿನ್ನನ್ನು, ಕಿವಿ ಇಲ್ಲವೇ, ನನಗೆ ತಲೆ ಒಡೆದು ಹೋಗುತ್ತಿದೆ, ಬಾ. ಸಿಟ್ಟಿನಿಂದ ಅತ್ತಳು. ಅಳುತ್ತಲೇ, ಆತನ ಕೈ ಹಿಡಿಯುವಂತೆ ಕೈ ಚಾಚಿದಳು. ಬಾಲಮ್ಮ ಆ ಕೈ ಹಿಡಿದುಕೊಂಡಳು. ಅದು ಕಾದ ಹಂಚಿನಂತಿತ್ತು.

ನಿಜಾಮ ಶರಣಾದನೆಂಬ ಸುದ್ದಿ ಶಹಾಪುರಕ್ಕೆ ಬಂದ ದಿನವೇ ಹನ್ನಮ್ಮ ತೀರಿಕೊಂಡಳು. ಪೇಟೆಯಲ್ಲಿ ಹಲಗೆ ಬಡಿಯುತ್ತಿದ್ದರು, ಹುಡುಗರು ಜೈಕಾರ ಹಾಕುತ್ತಿದ್ದರು, ಯಾರೋ ಬೆಲ್ಲ ಹಂಚುತ್ತಿದ್ದರು. ಮಸ್ತಾನಬಿಯ ಓಣಿಯಲ್ಲಿ ಬಾಗಿಲುಗಳೆಲ್ಲ ಒಳಗಿನಿಂದ ಮುಚ್ಚಿದ್ದವು. ಆದರೂ ಅವಳು ಹಿತ್ತಲಿನಿಂದ ಬಂದು ಹುಡುಗಿಯ ಮೈ ತೊಳೆದು, ತಲೆ ಬಾಚಿ, ಪಕ್ಕದಲ್ಲೇ ಕೂತಳು. ಮಂದಿರದ ಸಭೆಯ ಗಂಡಸರು ಹೆದರಿ ಮನೆಬಿಟ್ಟು ಹೊರಗೆ ಬರಲಿಲ್ಲ. ಸಗರದಿಂದ ಅಮೋಘಸಿದ್ದ ಬಂದು, ಕ್ರೈಸ್ತರ ನೆಲ ಯಾವುದೆಂದು ಕೇಳಿ, ಒಬ್ಬನೇ ಗುಣಿ ತೋಡಿದ. ಮಣ್ಣು ಮುಚ್ಚುವಾಗ ಪ್ರಾರ್ಥನೆ ಹೇಳುವವರು ಯಾರೂ ಇರಲಿಲ್ಲ. ಬಾಲಮ್ಮನಿಗೆ ಬರುತ್ತಿದ್ದ ಪ್ರಾರ್ಥನೆಗಳೆಲ್ಲ ದೇವರನ್ನು ಕೊಂಡಾಡುವ ಸ್ತೋತ್ರದವು. ಆಕೆ ಬಾಯಿ ತೆರೆಯಲಿಲ್ಲ.

ಅದೇ ವಾರ ಮಸ್ತಾನಬಿಯ ಮಗ ಮೆಹಬೂಬ ಕಾಣೆಯಾದ. ಅವನು ರಜಾಕಾರರ ಗುಂಪಿನಲ್ಲಿದ್ದವನಲ್ಲ, ಟಾಂಗಾ ಹೊಡೆಯುತ್ತಿದ್ದವನು. ಅದನ್ನು ವಿಚಾರಿಸಿ ನೋಡುವಷ್ಟು ತಾಳ್ಮೆ ಆಗ ರಜಾಕಾರರ ಮೇಲಿನ ಸೇಡಿಗೆ ಹೊರಟವರಿಗೆ ಇರಲಿಲ್ಲ. ಗುಡ್ಡದ ಕಡೆ ಓಡಿದ್ದನ್ನು ಕಂಡವರಿದ್ದರು, ತಿರುಗಿ ಬಂದದ್ದನ್ನು ಯಾರೂ ಕಾಣಲಿಲ್ಲ. ಇಬ್ಬರು ಹೆಂಗಸರೂ ಬೇವಿನ ಮರದ ಕೆಳಗೆ ಕೂತಿರುತ್ತಿದ್ದರು. ಒಬ್ಬಳು ಹಾದಿ ನೋಡುತ್ತಿದ್ದಳು, ಇನ್ನೊಬ್ಬಳಿಗೆ ನೋಡುವುದಕ್ಕೆ ಹಾದಿಯೂ ಇರಲಿಲ್ಲ.

ದೀಪಾವಳಿ ಕಳೆದ ಮೇಲೆ ಪಾದ್ರಿಯ ಗಾಡಿ ಬಂತು. ಅವರು ಯಾದಗಿರಿಯಲ್ಲಿ ಉಳಿದೇ ಇರಲಿಲ್ಲ, ಅಲ್ಲಿಂದ ರೈಲು ಹತ್ತಿ ಗುಂತಕಲ್ಲಿನ ಹೆಂಡತಿಯ ತವರಿಗೆ ಹೋಗಿದ್ದರು. ಭಾನುವಾರ, ಕರ್ತನು ತಮ್ಮನ್ನು ಬೆಂಕಿಯೊಳಗಿಂದ ಹೇಗೆ ಪಾರುಮಾಡಿದನೆಂದು ಬೋಧಿಸಿದರು. ಜನ ಸ್ತೋತ್ರ ಹೇಳಿದರು. ಹೆದರಿ ಓಡಿದವರು ಬೇರೆಯವರೂ ಇದ್ದರು, ಯಾರು ಯಾರನ್ನು ಕೇಳಬೇಕು.

ಸೋಮವಾರ ಬಾಲಮ್ಮ ದವಾಖಾನೆ ಗುಡಿಸುತ್ತಿದ್ದಾಗ ಸ್ವಾಮಿದಾಸರು ಗಾಡಿಯಲ್ಲಿ ಬಂದಿದ್ದ ಒಂದು ಮರದ ಪೆಟ್ಟಿಗೆಯನ್ನು ತಂದು ಅದರೊಳಗಿನ ಶೀಶೆಗಳನ್ನು ಬೀರುವಿಗೆ ಜೋಡಿಸತೊಡಗಿದರು. ಬಾಲಮ್ಮನಿಗೆ ಓದು ಬರುತ್ತಿರಲಿಲ್ಲ. ಆದರೆ ವರ್ಷಗಟ್ಟಲೆ ಆ ಶೀಶೆಗಳ ಧೂಳು ಒರೆಸಿದವಳು. ಅಂಚು ಒಡೆದಿದ್ದ ಕ್ವಿನೈನ್ ಶೀಶೆ ಆಕೆಗೆ ಗುರುತಿತ್ತು. ಅರ್ಧಕ್ಕಿಂತ ಮೇಲೆ ತುಂಬಿತ್ತು.

"ಇದು ಖಾಲಿ ಆಗ್ಯಾದ ಅಂದಿದ್ರಿ," ಎಂದಳು.

ಪಾದ್ರಿಯ ಕೈ ನಿಂತಿತು. ಮಿಶನ್ ಆಸ್ತಿ, ಲೂಟಿಯಾಗುತ್ತಿತ್ತು, ಮೇಲಿನವರಿಗೆ ತಾನು ಉತ್ತರ ಹೇಳಬೇಕಾಗಿತ್ತು ಎಂದರು. ಬಾಲಮ್ಮ ನೋಡುತ್ತಲೇ ಇದ್ದಳು. ಆಗ ಅವರ ಮುಖ ಕುಸಿಯಿತು.

"ನಂಗೂ ಮಕ್ಕಳದಾವ ಬಾಲಮ್ಮ," ಎಂದರು.

ಅದೊಂದು ಮಾತು ನಿಜದ ಮಾತೆಂದು ಬಾಲಮ್ಮನಿಗೆ ಗೊತ್ತಾಯಿತು. ಅಲ್ಲಿಗೇ ಬಿಟ್ಟಿದ್ದರೆ ಆಕೆ ಅವರನ್ನು ಕ್ಷಮಿಸಿಬಿಡುತ್ತಿದ್ದಳೇನೋ. ಆದರೆ ಸ್ವಾಮಿದಾಸರಿಗೆ ಮೌನ ತಡೆಯುವ ಅಭ್ಯಾಸವಿರಲಿಲ್ಲ. ಕರ್ತನು ಸುಮ್ಮನೆ ಏನನ್ನೂ ಮಾಡುವುದಿಲ್ಲ, ಹೂವೊಂದನ್ನು ತನ್ನ ತೋಟಕ್ಕೆ ಕಿತ್ತುಕೊಂಡಿದ್ದಾನೆ, ಕೂಸನ್ನು ಕಳೆದುಕೊಂಡರೂ ಅಲುಗದ ತಾಯಿಯ ಸಾಕ್ಷಿ ಹಳೆಯದಕ್ಕಿಂತ ಬಲವಾದದ್ದು, ಈ ಸಲ ಯಾದಗಿರಿಯಲ್ಲಿ ಅದನ್ನೇ ಹೇಳು ಎಂದರು. ಬಾಲಮ್ಮ ಪೊರಕೆ ಎತ್ತಿಕೊಂಡು ಉಳಿದ ಅರ್ಧ ಕೋಣೆ ಗುಡಿಸಿದಳು.

ಸಭೆಯ ದಿನ ಆಕೆಯೂ ಯಾದಗಿರಿಗೆ ಹೋದಳು. ಆ ವರ್ಷ ಜನ ಹೆಚ್ಚು ಬಂದಿದ್ದರು. ಸರ್ಕಾರ ಬದಲಾದದ್ದರಿಂದ ಎಲ್ಲರ ಮುಖದಲ್ಲೂ ಬಿಡುಗಡೆಯ ಕಳೆಯಿತ್ತು. ಪಾದ್ರಿ ಎದ್ದು, ನಮ್ಮ ಮಗುವಿನಂಥ ವಿಶ್ವಾಸದ ಬಾಲಮ್ಮ ಎಂದು ಕರೆದರು. ಹೆಂಗಸರು ಆಗಲೇ ಸೆರಗನ್ನು ಕಣ್ಣಿಗೆ ತಂದುಕೊಂಡರು. ಬಾಲಮ್ಮ ನಿಂತಳು, ಎಂದಿನ ಹಾಗೇ ಮಾತಾಡಿದಳು.

"ನನ್ನ ಮಗಳು ಸತ್ತಾಳ. ಮೊದಲ ಜ್ವರ ಬಂದಾಗ ಕಂಪೌಂಡರ ಕ್ವಿನೈನ ಕೊಟ್ಟಿದ್ದ, ಪಾದ್ರಿಗೋಳು ಪ್ರಾರ್ಥನಿ ಮಾಡಿದ್ರು. ಎರಡೂ ಆಗಿದ್ವು. ನಾ ಒಂದನ್ನ ಬಿಟ್ಟು ಇನ್ನೊಂದನ್ನ ಹೇಳಕೋತ ಬಂದೆ. ಈ ಸಲ ಔಷಧ ಗಾಡ್ಯಾಗ ಕುಂತು ಗುಂತಕಲ್ಲಿಗಿ ಹೋಗಿತ್ತು. ನಾ ಕುಂತು ಹಾದಿ ನೋಡಿದೆ."

ಸ್ವಾಮಿದಾಸರು ಅರ್ಧ ಎದ್ದರು. ಬಾಲಮ್ಮ ಅವರ ಕಡೆ ತಿರುಗಲಿಲ್ಲ.

"ನನಗ ಎಲ್ಲಾರೂ ಕೂಸು ಅಂತೀರಿ. ಕೂಸು ಹ್ಯಾಂಗಿರ್ತದ ಅಂತ ಹೆತ್ತಾಕಿಗಿ ಗೊತ್ತದ. ಕೂಸು ಸುಮ್ಮನ ಕುಂಡ್ರಂಗಿಲ್ಲ. ಹಸಿದ್ರ ಚೀರ್ತದ. ಹೇಳಿದಂಗ ಮಾಡಲಿಲ್ಲಂದ್ರ ನೆಪ್ಪಿಟ್ಟು ಕೇಳ್ತದ. ಸಿಟ್ಟು ಬಂದ್ರ ಅವ್ವನ್ನ ಹೊಡೀತದ, ಹೊಡಕೋತನ ಆಕಿ ಸೆರಗು ಹಿಡ್ಕೊಂಡಿರ್ತದ. ನಾನೂ ಆತನ್ನ ಬಿಟ್ಟಿಲ್ಲ. ಆದ್ರ ಆತನ ಕೂಡ ನನ್ನ ಜಗಳ ಅದ. ಅದು ತೀರೋತನಕ ನಾ ಹಾಡಂಗಿಲ್ಲ."

ಅಷ್ಟು ಹೇಳಿ ಕೂತಳು. ಯಾರೂ ಸ್ತೋತ್ರ ಎನ್ನಲಿಲ್ಲ. ಎಲ್ಲಿಯೋ ಒಂದು ಹಸುಗೂಸು ಅಳುತ್ತಿತ್ತು, ಅದರ ಬಾಯಿಗೆ ಯಾರೋ ಕೈ ಅಡ್ಡ ಹಿಡಿದರು. ಸ್ವಾಮಿದಾಸರು ತಡಮಾಡಲಿಲ್ಲ. ದುಃಖ ನಮ್ಮ ತಂಗಿಯ ಬುದ್ಧಿಯನ್ನು ಕಲಕಿದೆ, ಆಕೆಗಾಗಿ ಪ್ರಾರ್ಥಿಸೋಣ ಎಂದು ಹೇಳಿ ತಾವೇ ಹಾಡು ಎತ್ತಿಕೊಂಡರು. ಎಲ್ಲರೂ ದನಿಗೂಡಿಸಿದರು. ಇಡೀ ಅಂಗಳ ಹಾಡುವಾಗ ಬಾಲಮ್ಮ ಒಬ್ಬಳೇ ಬಾಯಿ ಬಿಗಿದು ಕೂತಿದ್ದಳು. ಪಕ್ಕದಲ್ಲಿದ್ದವರು ಸ್ವಲ್ಪ ಸ್ವಲ್ಪವೇ ಸರಿದು ಕೂತರು.

ಶಹಾಪುರಕ್ಕೆ ಬಂದ ಮೇಲೆ ಮಂದಿರದ ಹಿರಿಯರು ಸೇರಿದರು. ವಿಶ್ವಾಸದಿಂದ ಜಾರಿದವಳ ಕೈಯಲ್ಲಿ ದೇವರ ಮನೆಯ ಪೊರಕೆ ಇರುವುದು ಸರಿಯಲ್ಲವೆಂದು ತೀರ್ಮಾನವಾಯಿತು. ಯಾರೂ ಗಟ್ಟಿಯಾಗಿ ಗದರಲಿಲ್ಲ. ಗುಡಿಸಲನ್ನು ಬೇಸಿಗೆಯ ತನಕ ಇಟ್ಟುಕೋ ಎಂದು ಬಹಳ ಮರ್ಯಾದೆಯಿಂದ ಹೇಳಿದರು. ಬಾಲಮ್ಮ ಮರುದಿನವೇ ಬಿಟ್ಟಳು. ಮಸ್ತಾನಬಿಯ ಮನೆಯಲ್ಲಿ ಮಗನ ಕೋಣೆ ಖಾಲಿ ಇತ್ತು. ಅಲ್ಲಿ ಕೂತು ಉಣ್ಣೆ ನೂತು ಕಂಬಳಿ ನೇಯುವವರಿಗೆ ಕೊಡುತ್ತ ಹೊಟ್ಟೆ ಹೊರೆದುಕೊಂಡಳು.

ಅಮೋಘಸಿದ್ದ ಸಗರಕ್ಕೆ ಕರೆಯಲು ಬಂದ. ಕುಲದವರನ್ನು ಒಪ್ಪಿಸಿದ್ದೇನೆ, ಬೀರಲಿಂಗನ ಗುಡಿಯಲ್ಲಿ ತಲೆಗೆ ನೀರು ಹಾಕಿಸಿಕೊಂಡರೆ ಸಾಕು, ಮನೆಗೆ ಬಾ ಎಂದ. ನಿನ್ನ ಯೇಸಪ್ಪ ನಿನಗೆ ಏನು ಮಾಡಿದನೆಂದು ಇನ್ನೂ ಅವನ ಹೆಸರು ಹಿಡಿದಿದ್ದೀ ಎಂದೂ ಕೇಳಿದ. ಬಾಲಮ್ಮ ನೂಲುವ ಕದಿರನ್ನು ಒಂದು ಸುತ್ತು ತಿರುಗಿಸಿದಳು.

"ಏನೂ ಮಾಡಿಲ್ಲ ಭಾವ. ಅದನ್ನೇ ಆತನ್ನ ಕೇಳಾಕತ್ತೇನಿ. ಮನಿ ಬದಲ ಮಾಡಿದ್ರ ಯಾರನ್ನ ಕೇಳ್ಲಿ?"

ಅಮೋಘಸಿದ್ದನಿಗೆ ಇದು ಅರ್ಥವಾಗಲಿಲ್ಲ. ಉಣ್ಣೆಯ ಗಂಟನ್ನು ಇಳಿಸಿ ಹೋದ.

ಅಂದಿನಿಂದ ಬಾಲಮ್ಮನ ಪ್ರಾರ್ಥನೆಯೆಂದರೆ ಜಗಳವೇ ಆಯಿತು. ಬೆಳಿಗ್ಗೆ ಕಸ ಹೊಡೆಯುವಾಗ, ನೀರು ತರುವಾಗ, ರೊಟ್ಟಿ ಬಡಿಯುವಾಗ ಆಕೆ ಗೊಣಗುತ್ತಿದ್ದಳು. ಕೇಳಿದವರು ಹುಚ್ಚಿಯೆಂದರು. ಮಸ್ತಾನಬಿ ಮಾತ್ರ ಏನೂ ಅನ್ನುತ್ತಿರಲಿಲ್ಲ, ಅವಳಿಗೂ ಕೇಳಬೇಕಾದದ್ದು ಬೇಕಾದಷ್ಟಿತ್ತು. ಭಾನುವಾರ ಮಂದಿರಕ್ಕೆ ಹೋಗಿ ಬಾಗಿಲ ಹತ್ತಿರ ಕೂತು ಬರುವುದನ್ನು ಬಾಲಮ್ಮ ಬಿಡಲಿಲ್ಲ. ಯಾರೂ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಆಕೆಯ ಬದುಕಿನಲ್ಲಿ ಉತ್ತರದಂಥದು ಯಾವುದೂ ಬರಲಿಲ್ಲ. ಕೂದಲು ಬೆಳ್ಳಗಾದವು, ಕೈಬೆರಳು ಸೊಟ್ಟಗಾದವು. ಸ್ವಾಮಿದಾಸರು ಮೇಲೇರಿ ಯಾದಗಿರಿಗೆ ಹೋದರು. ಸುರಪುರದ ತನಕ ಅನೇಕ ಊರಿನ ಸಭೆಗಳು ಅವರ ಕೈಕೆಳಗೆ ಬಂದವು.

ಹೈದರಾಬಾದು ರಾಜ್ಯ ಒಡೆದು ಈ ಸೀಮೆ ಮೈಸೂರಿಗೆ ಸೇರಿದ ವರ್ಷ, ಬೀದಿಗೆ ತೋರಣ ಕಟ್ಟುತ್ತಿದ್ದ ದಿನಗಳಲ್ಲಿ, ರಂಗಂಪೇಟೆಯಿಂದ ಭಾಗಮ್ಮನೆಂಬ ಹರೆಯದ ಹೆಂಗಸು ಬಾಲಮ್ಮನನ್ನು ಹುಡುಕಿಕೊಂಡು ಬಂದಳು. ಹೊಸದಾಗಿ ದೀಕ್ಷೆ ಪಡೆದವಳು. ಹೆಗಲ ಮೇಲೆ ಮಗ ಮಲಗಿದ್ದ. ಬಾಲಮ್ಮನ ಕಾಲು ಮುಟ್ಟಿ, ನಿಮ್ಮ ಕತೆ ಕೇಳಿಯೇ ನಾನು ಈ ಹಾದಿಗೆ ಬಂದೆ, ಮಗನಿಗೆ ನಡುಕದ ಜ್ವರ, ನೀವು ತಲೆಯ ಮೇಲೆ ಕೈಯಿಟ್ಟು ಒಂದು ಮಾತು ಪ್ರಾರ್ಥನೆ ಮಾಡಬೇಕು ಎಂದಳು. ಆಮೇಲೆ ಸುತ್ತ ನೋಡಿ ಕೇಳಿದಳು.

"ನಿಮ್ಮ ಮಗಳ ಮದುವಿ ಆಗ್ಯಾದೇನ್ರಿ?"

ಬಾಲಮ್ಮನ ಕದಿರು ನಿಂತಿತು. "ನನ್ನ ಮಗಳು ಸತ್ತು ಎಂಟು ವರ್ಷ ಆತು," ಎಂದಳು.

ಭಾಗಮ್ಮ ನಂಬಲಿಲ್ಲ. ದೊಡ್ಡ ಪಾದ್ರಿಗಳು ಹೋದ ತಿಂಗಳಷ್ಟೇ ಸುರಪುರದಲ್ಲಿ ಆ ಕತೆ ಹೇಳಿದ್ದರು. ಸಗರದ ಕುರುಬರ ತಾಯಿ, ಜ್ವರದ ಕೂಸು, ಬರೀ ಪ್ರಾರ್ಥನೆಯಿಂದ ಎದ್ದು ಕೂತದ್ದು. ಆ ಹುಡುಗಿ ಈಗ ಬೆಳೆದು ದೊಡ್ಡವಳಾಗಿ ಸಭೆಯ ಸೇವೆ ಮಾಡುತ್ತಿದ್ದಾಳೆಂದೂ ಹೇಳಿದ್ದರು. ಬಾಲಮ್ಮ ಕೇಳುತ್ತ ಕೂತಳು. ಮಗಳು ಯಾವುದೋ ಊರಿನಲ್ಲಿ ಬೆಳೆಯುತ್ತಿದ್ದಾಳೆ, ತನಗೊಬ್ಬಳಿಗೇ ಗೊತ್ತಿಲ್ಲ ಎನಿಸಿತು ಒಂದು ಕ್ಷಣ. ಆಮೇಲೆ ಹುಡುಗನ ಕತ್ತಿನ ಮೇಲೆ ಕೈಯಿಟ್ಟಳು. ಏನು ಔಷಧ ಕೊಟ್ಟಿದ್ದೀ ಎಂದು ಕೇಳಿದಳು. ಏನೂ ಕೊಟ್ಟಿಲ್ಲ, ಕೊಟ್ಟರೆ ನಂಬಿಕೆ ಇಲ್ಲದ ಹಾಗಾಗುತ್ತದಲ್ಲವೇ ಎಂದಳು ಭಾಗಮ್ಮ.

ಬಾಲಮ್ಮ ಹುಡುಗನನ್ನು ಅವಳ ಹೆಗಲಿನಿಂದ ಕಿತ್ತುಕೊಂಡು ಹೊರಗೆ ನಡೆದಳು. ಭಾಗಮ್ಮ ಸೀರೆ ಹಿಡಿದು ಜಗ್ಗಿದಳು, ಅತ್ತಳು. ಸರ್ಕಾರಿ ದವಾಖಾನೆ ಪೇಟೆಯ ಕೊನೆಯಲ್ಲಿತ್ತು. ಅಲ್ಲಿಯ ಡಾಕ್ಟರು ಹುಡುಗನ ಹೊಟ್ಟೆ ಒತ್ತಿ ನೋಡಿ ಗುಳಿಗೆ ಕೊಟ್ಟರು. ಹುಡುಗ ಮೊದಲನೆಯದನ್ನು ಉಗುಳಿದ. ಬಾಲಮ್ಮ ಮೂಗು ಹಿಡಿದು ಎರಡನೆಯದನ್ನು ನುಂಗಿಸಿದಳು. ಅವನು ಆಕೆಯ ಕೆನ್ನೆಗೆ ಹೊಡೆದ.

ಹೊರಗಿನ ಕಟ್ಟೆಯ ಮೇಲೆ ಭಾಗಮ್ಮ ಮಗನನ್ನು ತಿರುಗಿ ಎತ್ತಿಕೊಂಡಳು. ಅವಳ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಏನನ್ನೋ ಕಳೆದುಕೊಂಡವರ ಕಳೆಯಿತ್ತು.

"ನೀವು ಹಂಗ ಹೇಳಬಾರದಿತ್ರಿ. ನಿಮ್ಮ ಮಗಳು ಬದುಕ್ಯಾಳ ಅಂತ ನಾ ಧೈರ್ಯ ಹಿಡ್ಕೊಂಡಿದ್ದೆ."

"ಉಳಿದ ಗುಳಿಗಿ ಒಗೀಬ್ಯಾಡ," ಎಂದಳು ಬಾಲಮ್ಮ. "ನನ್ನ ಬೈಕೋತನಾದ್ರೂ ನುಂಗಿಸು."

ಗುಳಿಗೆಯ ಪೊಟ್ಟಣ ಭಾಗಮ್ಮನ ಮುಷ್ಟಿಯಲ್ಲೇ ಇತ್ತು. ಸುರಪುರದ ಮೋಟಾರು ನಿಲ್ಲುವ ಕಡೆ ಹಿಂತಿರುಗಿ ನೋಡದೆ ನಡೆದಳು.

ಆ ಹುಡುಗನಿಗೆ ಏನಾಯಿತೆಂದು ಬಾಲಮ್ಮನಿಗೆ ತಿಳಿಯಲಿಲ್ಲ. ರಂಗಂಪೇಟೆಯಿಂದ ಬಂದವರು ಯಾರೇ ಸಿಗಲಿ, ಭಾಗಮ್ಮನ ಮಗ ಹೇಗಿದ್ದಾನೆಂದು ಕೇಳುತ್ತಿದ್ದಳು. ಅಂಥವಳು ಯಾರೂ ಗೊತ್ತಿಲ್ಲವೆಂದರು ಕೆಲವರು. ಆ ಮನೆಯವರು ದುಡಿಯಲು ಮುಂಬಯಿಗೆ ಹೋದರೆಂದು ಒಬ್ಬ ಹೇಳಿದ. ಹೋಗುವಾಗ ಹುಡುಗ ಜೊತೆಯಲ್ಲಿದ್ದನೇ ಎಂದು ಬಾಲಮ್ಮ ಕೇಳಿದಳು. ಅದನ್ನು ಅವನು ಗಮನಿಸಿರಲಿಲ್ಲ.